ಆರು ಸಾಲಿಗೆ ಆರು ಚೌಕ: ಚಿತ್ರಕಥೆ ಹಿಡಿದು ಕುಮಾರವ್ಯಾಸನ ಹತ್ತಿರ ಹೋಗುವ ದಾರಿ

ಡೊಂಬಿವಲಿಯ ನಮ್ಮ ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಬಿಲ್ಡಿಂಗಿನ ಕೆಳಗೆ ಕ್ರಿಕೆಟ್ ಆಡುವಾಗ ಇವೆಲ್ಲ ಕಲಸಿದ ಇನ್ನೊಂದು ಭಾಷೆ. ಇಂಥ ಮಗುವಿನ ಕೈಗೆ ಗದುಗಿನ ಭಾರತ ಕೊಟ್ಟು "ಓದು ಪುಟ್ಟಾ" ಅಂದರೆ ಅದು ಎಲ್ಲಿಂದ ಶುರು ಮಾಡಬೇಕು? ಅಕ್ಷರ ಕೂಡಿಸಿ ಓದುವುದೇ ನಿಧಾನ. ಪದ ಹಳೆಯದು. ಸಾಲು ಎಲ್ಲೆಲ್ಲೋ ಮುರಿಯುತ್ತದೆ.

ಅದಕ್ಕೇ ಕೆಲವು ವರ್ಷಗಳ ಹಿಂದೆ ನಾನು ತರಗತಿಗೆ ಮಹಾಭಾರತದ ಚಿತ್ರಕಥೆ ತಂದೆ. ಮಕ್ಕಳು ಮುಗಿಬಿದ್ದರು. ಹತ್ತೇ ನಿಮಿಷ. "ಮುಗೀತು ಟೀಚರ್" ಅಂತ ಪುಸ್ತಕ ವಾಪಸ್ ಬಂತು. ಸರಿ, ಈಗ ಪದ್ಯ ತೆಗೆಯೋಣ ಅಂದೆ. ಒಬ್ಬ ಹುಡುಗ ಕೇಳಿದ, "ಕಥೆ ಗೊತ್ತಾಯ್ತಲ್ಲ, ಇನ್ನು ಪದ್ಯ ಯಾಕೆ?"

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಪದ್ಯದಲ್ಲಿ ಇದ್ದು ಚಿತ್ರಕಥೆಯಲ್ಲಿ ಇಲ್ಲದ್ದು ಏನು ಅಂತ ನಾನು ಅವನಿಗೆ ತೋರಿಸಿಯೇ ಇರಲಿಲ್ಲ. ಆಮೇಲೆ ದಾರಿ ಬದಲಿಸಿದೆ. ಈಗ ಒಂದು ಪ್ರಸಂಗಕ್ಕೆ ನಾಲ್ಕು ಭಾನುವಾರ ಕೊಡುತ್ತೇನೆ. ಪ್ರತಿ ವಾರ ಒಂದೂವರೆ ಗಂಟೆ. ನಿಮ್ಮ ಸಂಘದಲ್ಲೋ ಶಾಲೆಯಲ್ಲೋ ಮನೆಯ ಹಾಲ್‌ನಲ್ಲೋ ನೀವೂ ಮಾಡಬಹುದು. ಮುಂಬೈ ಮಹಾನಗರ ಪಾಲಿಕೆ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಅಲ್ಲಿನ ಶಿಕ್ಷಕರಿಗಂತೂ ಮಕ್ಕಳ ಓದು ಗಟ್ಟಿ ಇರುವುದರಿಂದ ಇದು ಇನ್ನೂ ಬೇಗ ಕೈಗೂಡುತ್ತದೆ.

ಮೊದಲು ಒಂದು ಸಣ್ಣ ತುಂಡು

ಗದುಗಿನ ನಾರಣಪ್ಪ, ಅಂದರೆ ಕುಮಾರವ್ಯಾಸ, ಬರೆದದ್ದು ಭಾರತದ ಮೊದಲ 10 ಪರ್ವ. ಅದನ್ನೆಲ್ಲ ಮುಟ್ಟಲು ಹೋಗಬೇಡಿ. ಒಂದೇ ಪ್ರಸಂಗ ತೆಗೆದುಕೊಳ್ಳಿ. ಅದರಲ್ಲಿ ಇಬ್ಬರು ಮಾತಾಡುತ್ತಿರಬೇಕು. ಯಾರೋ ಓಡಬೇಕು, ಹಾರಬೇಕು, ಅಡಗಬೇಕು, ಏನಾದರೂ ಆಗುತ್ತಿರಬೇಕು. ಬರೀ ವರ್ಣನೆ ಇರುವ ಜಾಗ ಬೇಡ. ಬರೀ ಉಪದೇಶ ಇರುವ ಜಾಗವೂ ಬೇಡ.

ನಾನು ಪ್ರತಿ ಹೊಸ ಗುಂಪಿಗೂ ವಿರಾಟಪರ್ವದ ಉತ್ತರಕುಮಾರನಿಂದಲೇ ಶುರು ಮಾಡುತ್ತೇನೆ. ಹೆಂಗಸರ ನಡುವೆ ಕೂತು "ಒಬ್ಬ ಸಾರಥಿ ಸಿಕ್ಕಿದ್ದರೆ ಕೌರವರನ್ನು ಏನು ಮಾಡುತ್ತಿದ್ದೆ ನೋಡಿ" ಅಂತ ಬಡಾಯಿ ಕೊಚ್ಚುವ ರಾಜಕುಮಾರ. ಬೃಹನ್ನಳೆಯ ವೇಷದಲ್ಲಿರುವ ಅರ್ಜುನನೇ ಸಾರಥಿಯಾಗಿ ಸಿಗುತ್ತಾನೆ. ಕೌರವರ ಸೇನೆ ಕಣ್ಣಿಗೆ ಬಿದ್ದದ್ದೇ ತಡ, ಉತ್ತರನ ಎದೆ ಒಡೆಯುತ್ತದೆ. ರಥದಿಂದ ಹಾರಿ ಓಡುತ್ತಾನೆ. ಅರ್ಜುನ ಹಿಡಿದು ತರುತ್ತಾನೆ. ಬನ್ನಿ ಮರದಲ್ಲಿ ಬಚ್ಚಿಟ್ಟ ಆಯುಧ ಇಳಿಸುತ್ತಾರೆ. ಕೊನೆಗೆ ಸಾರಥಿ ಬಿಲ್ಲು ಹಿಡಿದು ವೀರನಾಗುತ್ತಾನೆ, ವೀರ ಲಗಾಮು ಹಿಡಿದು ಸಾರಥಿಯಾಗುತ್ತಾನೆ.

ಈ ಕಥೆಗೆ ನಮ್ಮ ಮನೆಗಳಲ್ಲೇ ಬೇರು ಇದೆ. "ಉತ್ತರನ ಪೌರುಷ ಒಲೆ ಮುಂದೆ" ಅನ್ನುವ ಗಾದೆಯನ್ನು ಅಜ್ಜಿ ಹೇಳಿರುತ್ತಾರೆ. ಯಕ್ಷಗಾನ ನೋಡಿದ ಮಕ್ಕಳಿಗೆ ಉತ್ತರ ಗೊತ್ತಿರುತ್ತಾನೆ. ದಸರೆಗೆ ಇಲ್ಲಿ ಆಪ್ಟಾ ಎಲೆಯನ್ನು ಚಿನ್ನ ಅಂತ ಹಂಚುತ್ತಾರಲ್ಲ, ನಮ್ಮ ಕಡೆ ಬನ್ನಿ ಹಂಚುವ ಹಾಗೆ. ಆ ಮರದ ಮಾತು ಎತ್ತಿದರೆ ಮರಾಠಿ ಗೆಳೆಯರ ಮನೆಯ ಹಬ್ಬವೂ ಕಥೆಯೊಳಗೆ ಬರುತ್ತದೆ.

ಪುಸ್ತಕ ಆರಿಸುವಾಗ

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಈ ಮುಂಬೈಯಿಂದಲೇ ಅಮರ ಚಿತ್ರಕಥೆ ಶುರು ಮಾಡಿದರು. ಹಾಗಾಗಿ ಎಷ್ಟೋ ಮನೆಗಳ ಅಟ್ಟದ ಮೇಲೆ ಅಪ್ಪ ಅಮ್ಮ ಓದಿದ ಹಳೆಯ ಕಟ್ಟು ಇರುತ್ತದೆ. ಮೊದಲು ಅಲ್ಲಿ ಹುಡುಕಿ. ಇಲ್ಲದಿದ್ದರೆ ಫೋರ್ಟ್ ಕಡೆಯ ಅಥವಾ ಮಾಟುಂಗಾ ಕಿಂಗ್ಸ್ ಸರ್ಕಲ್ ಹತ್ತಿರದ ಫುಟ್‌ಪಾತ್ ಪುಸ್ತಕದವರನ್ನು ಕೇಳಿ.

ಕನ್ನಡದ ಪ್ರತಿಯೇ ಸಿಕ್ಕರೆ ಒಂದು ಪುಟ ಗಟ್ಟಿಯಾಗಿ ಓದಿ ನೋಡಿ. ಬೇರೆ ಭಾಷೆಯಿಂದ ಬಂದ ಚಿತ್ರಕಥೆಗಳಲ್ಲಿ ಕೆಲವೊಮ್ಮೆ ಯಾರೂ ಬಾಯಲ್ಲಿ ಆಡದ ಕನ್ನಡ ಇರುತ್ತದೆ. ನಾಲಗೆ ತಡವರಿಸಿದರೆ ಮಾತು ಬಿಟ್ಟುಬಿಡಿ, ಚಿತ್ರ ಮಾತ್ರ ಬಳಸಿ. ಕನ್ನಡದ್ದು ಸಿಗಲೇ ಇಲ್ಲ ಅಂತ ಕೊರಗಬೇಕಾಗಿಯೂ ಇಲ್ಲ. ಮರಾಠಿಯದೋ ಇಂಗ್ಲಿಷಿನದೋ ಇದ್ದರೆ ಇನ್ನೂ ಒಳ್ಳೆಯ ಪಾಠವಾಗುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ. ಹಳೆಯ ಚಿತ್ರಕಥೆಗಳಲ್ಲಿ ದೇವತೆಗಳು ಬೆಳ್ಳಗೆ, ರಾಕ್ಷಸರು ಕಪ್ಪಗೆ ಇರುವುದು ಜಾಸ್ತಿ. ಮಕ್ಕಳು ಅದನ್ನು ಸುಮ್ನೆ ನುಂಗಿಕೊಳ್ಳುತ್ತಾರೆ. "ಇವನು ಕೆಟ್ಟವನು ಅಂತ ನಿಂಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ. "ಬಣ್ಣ ನೋಡಿ" ಅನ್ನುವ ಉತ್ತರ ಬಂದರೆ ಆ ದಿನದ ಉಳಿದ ಕೆಲಸ ಬದಿಗಿಟ್ಟು ಅದರ ಬಗ್ಗೆಯೇ ಮಾತಾಡಿ. ಕೃಷ್ಣ ಅನ್ನುವ ಹೆಸರಿನ ಅರ್ಥವೇ ಕಪ್ಪು ಅಂತ ಹೇಳಿ. ದ್ರೌಪದಿಯನ್ನು ಕೃಷ್ಣೆ ಅಂತಲೂ ಕರೆಯುತ್ತಾರಲ್ಲ.

ಮೊದಲ ಭಾನುವಾರ: ಬಲೂನು ಮುಚ್ಚಿ

ಚಿಕ್ಕ ಚಿಕ್ಕ ಚೀಟಿ ಕತ್ತರಿಸಿ ಮಾತಿನ ಬಲೂನುಗಳ ಮೇಲೆ ಅಂಟಿಸಿ. ಆಮೇಲೆ ಎತ್ತಲು ಬರುವ ಹಾಗೆ, ಒಂದೇ ಅಂಚಿಗೆ ಅಂಟು ಸಾಕು. ಒಂದು ಪುಸ್ತಕಕ್ಕೆ ನಾಲ್ಕು ಮಕ್ಕಳು.

ಈಗ ಬರೀ ನೋಡುವುದು. "ಇವನು ಓಡ್ತಾ ಇದ್ದಾನಾ, ಬೀಳ್ತಾ ಇದ್ದಾನಾ?" "ಓಡ್ತಾ ಇದ್ದಾನೆ." "ಹೇಗೆ ಗೊತ್ತಾಯ್ತು?" ಈ ಮೂರನೇ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಮಗು ಆಗ ಬೆರಳಿಟ್ಟು ತೋರಿಸುತ್ತದೆ: ಬಟ್ಟೆ ಹಿಂದೆ ಹಾರ್ತಾ ಇದೆ, ಕಾಲ ಹತ್ತಿರ ಧೂಳು ಇದೆ, ಕಣ್ಣು ಹಿಂದೆ ನೋಡ್ತಾ ಇದೆ. ಬೆರಳಿಟ್ಟು ತೋರಿಸುವ ಈ ಅಭ್ಯಾಸ ಮುಂದೆ ಪದ್ಯ ಓದುವಾಗ ಕೈ ಹಿಡಿಯುತ್ತದೆ. ಈ ಹಂತದಲ್ಲಿ ಮಗು ಯಾವ ಭಾಷೆಯಲ್ಲಿ ಹೇಳಿದರೂ ಸರಿ.

ಅರ್ಧ ಗಂಟೆ ಆದ ಮೇಲೆ ಚೀಟಿಯ ಮೇಲೆ ಕನ್ನಡದಲ್ಲಿ ಮಾತು ಬರೆಯಿಸಿ. ಒಂದು ಬಲೂನಿಗೆ ಐದಾರು ಪದ ಸಾಕು. ಇಂಗ್ಲಿಷ್ ಪ್ರತಿ ಇಲ್ಲಿ ಒಳ್ಳೆಯದು ಅಂದೆನಲ್ಲ, ಕಾರಣ ಇದು. ಕನ್ನಡದ ಮಾತನ್ನು ಮಗು ತಾನೇ ಹುಡುಕಬೇಕಾಗುತ್ತದೆ.

ಬರೆಯುವಾಗ ಮುಂಬೈ ಮಕ್ಕಳಿಗೆ ಎಡವುವ ಜಾಗ ಬೇರೆ. ಊರಿನ ಮಕ್ಕಳ ಹಾಗೆ ಅಲ್ಲ. ದೇವನಾಗರಿಯಲ್ಲಿ ಓದಿ ಬೆಳೆದವರಿಗೆ ಎ ಮತ್ತು ಏ, ಒ ಮತ್ತು ಓ ಎರಡೂ ಒಂದೇ. ಮರಾಠಿ ಬರಹದಲ್ಲಿ ಗಿಡ್ಡ ಎ, ಗಿಡ್ಡ ಒ ಬೇರೆಯಾಗಿ ಇಲ್ಲ. ಹಾಗಾಗಿ 'ಕೆರೆ' ಹೋಗಿ 'ಕೇರೇ' ಆಗುತ್ತದೆ. ಇನ್ನೊಂದು ಒತ್ತಕ್ಷರ. ಅಲ್ಲಿ ಅರ್ಧ ಅಕ್ಷರ ಪಕ್ಕದಲ್ಲಿ ಬರುತ್ತದೆ, ನಮ್ಮಲ್ಲಿ ಕೆಳಗೆ ಇಳಿಯುತ್ತದೆ. ಅರ್ಕಾವೊತ್ತು ಅಂತೂ ಅಲ್ಲಿ ತಲೆಯ ಮೇಲೆ, ಇಲ್ಲಿ ಅಕ್ಷರದ ಬಲಕ್ಕೆ. 'ಅರ್ಜುನ' ಅಂತ ಹತ್ತು ಸಲ ಬಲೂನಿನಲ್ಲಿ ಬರೆದರೆ ಅದು ತಾನಾಗಿ ಕೂರುತ್ತದೆ. ನೋಟ್‌ಬುಕ್ಕಿನಲ್ಲಿ ಹತ್ತು ಸಲ ಬರೆ ಅಂದರೆ ಯಾರೂ ಬರೆಯುವುದಿಲ್ಲ. 'ಳ' ಬಗ್ಗೆ ಚಿಂತೆ ಬೇಡ, ಮರಾಠಿಯಲ್ಲೂ ಅದು ಇರುವುದರಿಂದ ನಮ್ಮ ಮಕ್ಕಳ 'ಳ' ಚೆನ್ನಾಗಿಯೇ ಇರುತ್ತದೆ.

ಮೊದಲು ಮಾತು ಬರೆಯಲಿ, ಆಮೇಲೆ ಸುತ್ತ ಬಲೂನು ಬಿಡಿಸಲಿ. ಬಲೂನು ಮೊದಲು ಬಿಡಿಸಿದರೆ ಒತ್ತಕ್ಷರಕ್ಕೆ ಜಾಗವೇ ಉಳಿಯುವುದಿಲ್ಲ.

ಎರಡನೇ ಭಾನುವಾರ: ಕಿವಿಗೆ

ಈ ದಿನ ಪುಸ್ತಕ ತೆಗೆಯಬೇಡಿ. ಪದ್ಯವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಡಿ. ಕನ್ನಡ ವಿಕಿಸೋರ್ಸ್‌ನಲ್ಲಿ ಮೂಲ ಸಿಗುತ್ತದೆ. ನಾನು ಬರೆಯುವುದು ಇದೊಂದನ್ನೇ. ಸೇನೆ ನೋಡಿ ಹೆದರಿದ ಉತ್ತರ ಹೇಳುವ ಮಾತು:

ಹಸಿದ ಮಾರಿಯ ಮಂದೆಯಲಿ ಕುರಿ
ನುಸುಳಿದಂತಾದೆನು ಬೃಹನ್ನಳೆ
ಯೆಸಗದಿರು ತೇಜಿಗಳ ತಡೆ ಚಮ್ಮಟಿಗೆಯನು ಬಿಸುಡು
ಮಿಸುಕಬಾರದು ಪ್ರಳಯಕಾಲನ
ಮುಸುಕನುಗಿವವನಾರು ಕೌರವ
ನಸಮಬಲನೈ ರಥವ ಮರಳಿಚು ಜಾಳಿಸುವೆನೆಂದ

ಅರ್ಥ ಹೇಳುವ ಮೊದಲು ಓದಿ. ಗಮಕ ಬಲ್ಲವರು ಸಂಘದಲ್ಲಿ ಯಾರಾದರೂ ಇದ್ದರೆ ಕರೆಸಿ. ಇಲ್ಲದಿದ್ದರೆ ನೀವೇ ಓದಿ, ರಾಗ ಬರದಿದ್ದರೂ ಪರವಾಗಿಲ್ಲ. ಇದು ಭಾಮಿನಿ ಷಟ್ಪದಿ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಲಯ. ಹಸಿದ, ಮಾರಿಯ, ಮಂದೆ, ಯಲಿಕುರಿ. ಪ್ರತಿ ತುಂಡಿನ ತಲೆಗೆ ಒಂದು ಚಪ್ಪಾಳೆ ಹೊಡೆಸಿ. ನಮ್ಮ ಮಕ್ಕಳು ಇದನ್ನು ಎರಡೇ ಸಲಕ್ಕೆ ಹಿಡಿಯುತ್ತಾರೆ. ಗಣಪತಿ ಹಬ್ಬದ ಡೋಲು ಕೇಳಿ ಬೆಳೆದ ಕೈಗಳು ಅಲ್ವಾ!

ಆಮೇಲೆ ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಸುತ್ತು ಹಾಕಿಸಿ. ಆರೂ ಕಡೆ 'ಸ'ಕಾರ. ಪ್ರಾಸ ಅನ್ನುವ ಪದವನ್ನು ಆಗ ಹೇಳಿ, ಮೊದಲೇ ಹೇಳಬೇಡಿ.

ಕೊನೆಗೆ ಪದಗಳು. ತೇಜಿ ಅಂದರೆ ಕುದುರೆ. ಚಮ್ಮಟಿಗೆ ಅಂದರೆ ಚಾಟಿ. ಬಿಸುಡು ಅಂದರೆ ಎಸೆ. ಮಿಸುಕು ಅಂದರೆ ಅಲುಗಾಡು. ಜಾಳಿಸು ಅಂದರೆ ಜಾರಿಕೊಳ್ಳು, ಪರಾರಿಯಾಗು. ಐದು ಪದ ಸಾಕು.

ಮೂರನೇ ಭಾನುವಾರ: ಹಾಳೆಯಲ್ಲಿ ಆರು ಮನೆ

ಇಡೀ ಮಾರ್ಗದಲ್ಲಿ ನನಗೆ ತುಂಬ ಇಷ್ಟವಾದ ದಿನ ಇದು.

ಷಟ್ಪದಿಯ ಸಾಲುಗಳನ್ನು ಮತ್ತೊಮ್ಮೆ ನೋಡಿ. ಗಿಡ್ಡ, ಗಿಡ್ಡ, ಉದ್ದ. ಗಿಡ್ಡ, ಗಿಡ್ಡ, ಉದ್ದ. ಮಾತ್ರೆ ಲೆಕ್ಕದಲ್ಲಿ 14, 14, 23 ಮತ್ತೆ 14, 14, 23. ಈಗ ಒಂದು ಎ4 ಹಾಳೆ ತೆಗೆದುಕೊಂಡು ಮೇಲೆ ಎರಡು ಸಣ್ಣ ಚೌಕ, ಕೆಳಗೆ ಅಡ್ಡಕ್ಕೆ ಒಂದು ಉದ್ದ ಚೌಕ ಎಳೆಯಿರಿ. ಅದರ ಕೆಳಗೆ ಮತ್ತೆ ಹಾಗೆಯೇ. ಚಿತ್ರಕಥೆಯ ಒಂದು ಪುಟ ತಯಾರಾಯ್ತು! ಭಾಮಿನಿ ಷಟ್ಪದಿಯ ಆಕಾರವೇ ಅದು. ಇದನ್ನು ಮೊದಲ ಸಲ ಹಾಳೆಯ ಮೇಲೆ ಎಳೆದ ದಿನ ನಾನು ರೋಮಾಂಚನಗೊಂಡಿದ್ದೆ.

ಪ್ರತಿ ಮಗುವಿಗೂ ಒಂದು ಹಾಳೆ. ಒಂದು ಸಾಲಿಗೆ ಒಂದು ಚೌಕ. ಸಾಲನ್ನು ಚೌಕದ ಕೆಳಗೆ ಇದ್ದ ಹಾಗೆಯೇ ಬರೆಯಬೇಕು, ಒಂದಕ್ಷರ ಬದಲಿಸುವ ಹಾಗಿಲ್ಲ. ಚಿತ್ರ ಹೇಗೆ ಬೇಕಾದರೂ ಇರಲಿ. ಕಡ್ಡಿ ಮನುಷ್ಯರೂ ಆಗುತ್ತದೆ. "ನಂಗೆ ಡ್ರಾಯಿಂಗ್ ಬರಲ್ಲ" ಅನ್ನುವ ಮಗುವಿಗೆ ಇದನ್ನು ಮೊದಲೇ ಹೇಳಿಬಿಡಿ. ಚಿತ್ರಕ್ಕೆ ಅಂಕ ಕೊಡಬೇಡಿ.

ಆಗ ಏನಾಗುತ್ತದೆ ನೋಡಿ. ಮೊದಲ ಚೌಕದಲ್ಲೇ ಎಲ್ಲರೂ ನಿಲ್ಲುತ್ತಾರೆ. ಇಲ್ಲಿ ಯಾರನ್ನು ಬಿಡಿಸುವುದು, ಉತ್ತರನನ್ನೋ ಕುರಿಯನ್ನೋ? ಹೋದ ಸಲ ಆರನೇ ಕ್ಲಾಸಿನ ಒಬ್ಬಳು ಕುರಿಯನ್ನೇ ಬಿಡಿಸಿದಳು, ತಲೆಗೆ ಕಿರೀಟ ಇಟ್ಟು. ಸುತ್ತ ಬರೀ ನಾಲಗೆಗಳು. ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ ತಿದ್ದಿ ಹಾಳೆ ಆ ಜಾಗದಲ್ಲಿ ತೆಳ್ಳಗಾಗಿತ್ತು. "ಮಾರಿ ಎಲ್ಲಿ?" ಅಂತ ಪಕ್ಕದವನು ಕೇಳಿದ. "ಇದೇ ಮಾರಿ. ಅವಳಿಗೆ ಹಸಿವಾಗಿದೆ, ಅದಕ್ಕೆ ನಾಲಗೆ ಮಾತ್ರ" ಅಂದಳು. 'ಹಸಿದ' ಅನ್ನುವ ಒಂದು ಪದವನ್ನು ಅವಳು ಎಷ್ಟು ಹತ್ತಿರದಿಂದ ಓದಿದ್ದಳು! ಅರ್ಥ ಬರೆಸಿದ್ದರೆ "ಹಸಿದ = ಹಸಿವಾದ" ಅಂತ ಬರೆದು ಮುಗಿಸುತ್ತಿದ್ದಳು.

ಮೂರನೇ ಚೌಕ ಸುಲಭ, ತುಂಬ ಕೆಲಸ ಇದೆ: ಕುದುರೆ ಓಡಿಸಬೇಡ, ತಡೆ, ಚಾಟಿ ಬಿಸಾಕು. ಮೂರು ಅಪ್ಪಣೆ ಒಂದೇ ಉಸಿರಿನಲ್ಲಿ. ಅದಕ್ಕೇ ಆ ಸಾಲು ಉದ್ದ ಅಂತ ಮಕ್ಕಳೇ ಹೇಳುತ್ತಾರೆ.

ಐದರಿಂದ ಆರಕ್ಕೆ ಹೋಗುವಾಗ ಇನ್ನೊಂದು ಮಜಾ ಕಾದಿದೆ. 'ಕೌರವನಸಮಬಲನೈ' ಅನ್ನುವುದು ಅರ್ಧ ಐದನೇ ಸಾಲಿನಲ್ಲಿ, ಅರ್ಧ ಆರನೇ ಸಾಲಿನಲ್ಲಿ. "ಪದ ಗೆರೆ ದಾಟಿ ಹೋಗಿದೆ, ನೀವೇನು ಮಾಡ್ತೀರಿ?" ಅಂತ ಕೇಳಿ. ಕೆಲವರು ಬಲೂನನ್ನೇ ಎರಡು ಚೌಕಕ್ಕೆ ಹರಡುತ್ತಾರೆ. ಒಬ್ಬ ಹುಡುಗ ಉತ್ತರನ ಕಾಲನ್ನು ಚೌಕದ ಗೆರೆಯಿಂದ ಆಚೆ ಹಾಕಿದ, ಆಗಲೇ ರಥದಿಂದ ಇಳಿಯಲು ಹೊರಟಿದ್ದಾನೆ ಅಂತ. ಚಿತ್ರಕಾರರು ಆಕೃತಿಯನ್ನು ಚೌಕ ದಾಟಿಸುತ್ತಾರೆ, ಕುಮಾರವ್ಯಾಸ ಪದವನ್ನು ಸಾಲು ದಾಟಿಸುತ್ತಾನೆ. ಇದನ್ನು ಕಂಡ ಮಕ್ಕಳು ಆಮೇಲೆ ಸಾಲು ಮುರಿದಲ್ಲಿ ಗಾಬರಿಯಾಗುವುದಿಲ್ಲ, ಮುಂದಿನ ಸಾಲಿಗೆ ತಾವೇ ಹೋಗಿ ಪದದ ಬಾಲ ಹಿಡಿಯುತ್ತಾರೆ.

ಬಿಡಿಸಲು ಬಾರದ ಸಾಲು

ನಾಲ್ಕು ಮತ್ತು ಐದು ಬಾಕಿ ಉಳಿಯುತ್ತವೆ. ಪ್ರಳಯಕಾಲನ ಮುಸುಕನ್ನು ಎಳೆಯುವವರು ಯಾರು? ಜಗತ್ತನ್ನೇ ಮುಗಿಸುವ ಕಾಲ ಮುಸುಕು ಹೊದ್ದು ಮಲಗಿದ್ದಾನೆ, ಅವನ ಮುಸುಕಿಗೆ ಯಾರಾದರೂ ಕೈ ಹಾಕುತ್ತಾರಾ? ಇದನ್ನು ಹೇಗೆ ಬಿಡಿಸುವುದು? ಮುಸುಕಿನ ಒಳಗೆ ಏನಿದೆ ಅಂತ ತೋರಿಸಿದರೆ ಭಯ ಹೋಯಿತು. ತೋರಿಸದಿದ್ದರೆ ಬರೀ ಒಂದು ಕಂಬಳಿ.

ಇಲ್ಲಿ ನೀವು ಸಹಾಯ ಮಾಡಬೇಡಿ. ಒದ್ದಾಡಲಿ. ಕೆಲವರು ಚೌಕ ಪೂರ್ತಿ ಕಪ್ಪು ಬಳಿಯುತ್ತಾರೆ, ಕೆಲವರು ಖಾಲಿ ಬಿಡುತ್ತಾರೆ. "ಇದು ಬರಲ್ಲ ಟೀಚರ್, ಓದಿದ್ರೆ ಮಾತ್ರ ಹೆದರಿಕೆ ಆಗುತ್ತೆ" ಅಂದಳು ಒಬ್ಬಳು. "ಇನ್ನು ಪದ್ಯ ಯಾಕೆ?" ಅಂತ ಆವತ್ತು ಕೇಳಿದ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದೇ. ಮಗುವಿನ ಬಾಯಿಂದ ಬರುವವರೆಗೆ ಕಾಯಬೇಕು ಅಷ್ಟೆ.

ನಾಲ್ಕನೇ ಭಾನುವಾರ: ಎರಡನ್ನೂ ಪಕ್ಕದಲ್ಲಿಟ್ಟು

ಅಂಗಡಿಯಿಂದ ತಂದ ಚಿತ್ರಕಥೆ, ಮಕ್ಕಳ ಹಾಳೆ, ಬೋರ್ಡಿನ ಪದ್ಯ. ಮೂರನ್ನೂ ಒಟ್ಟಿಗೆ ಇಡಿ. ಚೀಟಿಗಳನ್ನು ಈಗ ಎತ್ತಬಹುದು. ಎರಡು ಪಟ್ಟಿ ಮಾಡಿಸಿ: ಚಿತ್ರದಲ್ಲಿ ಇದ್ದು ಪದ್ಯದಲ್ಲಿ ಇಲ್ಲದ್ದು, ಪದ್ಯದಲ್ಲಿ ಇದ್ದು ಚಿತ್ರದಲ್ಲಿ ಇಲ್ಲದ್ದು. ಮೊದಲ ಪಟ್ಟಿಯಲ್ಲಿ ರಥದ ಬಣ್ಣ, ಬೃಹನ್ನಳೆಯ ಬಳೆ, ಆಕಾಶ. ಎರಡನೆಯದರಲ್ಲಿ ಕುರಿ, ಮಾರಿ, ಮುಸುಕು, ಆರು 'ಸ'. ಮಹಾಭಾರತದ ಬಹುತೇಕ ಚಿತ್ರಕಥೆಗಳು ವ್ಯಾಸರ ಕಥೆ ಹಿಡಿದು ಹೋಗುತ್ತವೆ, ಕುಮಾರವ್ಯಾಸನ ಕುರಿ ಅಲ್ಲಿ ಸಿಗುವುದು ಕಷ್ಟ. ಅದನ್ನು ಕೊರತೆ ಅಂತ ಹೇಳಬೇಡಿ. ಅದು ಕನ್ನಡದ ಕವಿ ತಂದು ಸೇರಿಸಿದ್ದು ಅಂತ ಹೇಳಿ.

ಮನೆಗೆ ಹೋಗುವಾಗ ಹಾಳೆ ಜೊತೆಗಿರಲಿ. ಪದ್ಯವನ್ನು ಮನೆಯ ಹಿರಿಯರೊಬ್ಬರಿಗೆ ಓದಿ ಹೇಳುವುದು ಹೋಂವರ್ಕ್.

ಊರಿಗೆ ಹೋಗುವ ದಾರಿಯಲ್ಲಿ

ಮೇ ರಜೆಯಲ್ಲಿ ನಮ್ಮ ಮಕ್ಕಳು ಕೊಂಕಣ ರೈಲಿನಲ್ಲಿ ಊರಿಗೆ ಹೋಗುತ್ತಾರೆ. ಕುಡಾಳ ಸ್ಟೇಷನ್ ಬಂದಾಗ ಹೊರಗೆ ನೋಡಲು ಹೇಳಿ. ಅಲ್ಲೇ ಹತ್ತಿರ ಪಿಂಗುಳಿ ಎಂಬ ಊರಿದೆ. ಠಾಕರ್ ಸಮುದಾಯದವರು ಬಿಡಿ ಹಾಳೆಗಳಲ್ಲಿ ರಾಮಾಯಣ, ಮಹಾಭಾರತ ಬಿಡಿಸಿ, ಒಂದೊಂದೇ ಹಾಳೆ ತೋರಿಸುತ್ತಾ ಹಾಡಿ ಕಥೆ ಹೇಳುವ ಚಿತ್ರಕಥಿ ಕಲೆ ಅಲ್ಲಿಯದು. ಆ ಕಲೆಯ ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಚಿತ್ರ ಮತ್ತು ಹಾಡು ಒಟ್ಟಿಗೆ ಹೋಗುವುದು ಹೊಸದೇನಲ್ಲ ಅಂತ ಮಕ್ಕಳಿಗೆ ಗೊತ್ತಾಗಲಿ.

ಎಲ್ಲೋರಕ್ಕೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. 16ನೇ ಗುಹೆ, ಕೈಲಾಸ ದೇವಾಲಯ. 8ನೇ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ಅಲ್ಲಿನ ಗೋಡೆಯಲ್ಲಿ ಒಂದು ಬದಿಗೆ ರಾಮಾಯಣ, ಇನ್ನೊಂದು ಬದಿಗೆ ಮಹಾಭಾರತ, ಸಾಲು ಸಾಲಾಗಿ ಕೆತ್ತಿದ್ದಾರೆ. ಅದೇ ರಾಷ್ಟ್ರಕೂಟರ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಸಾಲುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಅದೇ ಹಳೆಯ ಪ್ರಶ್ನೆ ಕೇಳಿ: "ಹೇಗೆ ಗೊತ್ತಾಯ್ತು?"

ಮುಂದಿನ ತಿಂಗಳಿಗೆ

ಉತ್ತರ ಮುಗಿದ ಮೇಲೆ ನಾನು ಮುದ್ದಣನಿಗೆ ಹೋಗುತ್ತೇನೆ. ಉಡುಪಿಯ ಹತ್ತಿರದ ನಂದಳಿಕೆಯವನು, ಬದುಕಿದ್ದು 1870ರಿಂದ 1901ರವರೆಗೆ ಮಾತ್ರ, ವ್ಯಾಯಾಮದ ಮೇಷ್ಟ್ರಾಗಿದ್ದವನು ಅಂದರೆ ಮಕ್ಕಳಿಗೆ ಆಗಲೇ ಅರ್ಧ ಪ್ರೀತಿ. ಅವನ ರಾಮಾಶ್ವಮೇಧದಲ್ಲಿ ಮುದ್ದಣ, ಮನೋರಮೆಯರ ಮಾತುಕತೆ ಇದೆಯಲ್ಲ, ಅದು ಬಲೂನಿಗೆಂದೇ ಬರೆದಂತಿದೆ. ಗಂಡ ಸಂಸ್ಕೃತ ತುಂಬಿ ಕಥೆ ಶುರು ಮಾಡುತ್ತಾನೆ. ಅವಳು ಹೇಳುತ್ತಾಳೆ, "ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು." ಹಳಗನ್ನಡ ಅಂತ ಹೆದರಿಸದೆ ಇದೊಂದು ಸಾಲು ಕೊಟ್ಟು ಬಿಡಿಸಲು ಹೇಳಿ. ಕಡುಬು ಎಲ್ಲರ ಮನೆಯಲ್ಲೂ ಗೊತ್ತು.

ಈಗಿನ ಅಥವಾ ಇತ್ತೀಚಿನ ಲೇಖಕರ ಕಥೆಯನ್ನು ತರಗತಿಯೊಳಗೆ ಬಿಡಿಸಿ ಆಡುವುದು ಬೇರೆ, ಅಚ್ಚು ಹಾಕಿಸಿ ಸಂಘದ ವಾರ್ಷಿಕೋತ್ಸವದಲ್ಲಿ ಮಾರುವುದು ಬೇರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಕೃತಿಯ ಹಕ್ಕು ಅವರ ಕಡೆಯವರದು. ಅನುಮತಿ ಕೇಳಿ. ಅಂಗಡಿಯ ಚಿತ್ರಕಥೆಯನ್ನೂ ಪೂರ್ತಿ ಝೆರಾಕ್ಸ್ ಮಾಡಿ ಹಂಚಬೇಡಿ, ನಾಲ್ಕು ಪ್ರತಿ ಕೊಂಡರೆ ಹದಿನಾರು ಮಕ್ಕಳಿಗೆ ಆಗುತ್ತದೆ.

ಭಾನುವಾರ ಮೆಗಾಬ್ಲಾಕ್ ಇದ್ದರೆ, ಅಂದರೆ ಹಳಿ ದುರಸ್ತಿಗೆ ಅಂತ ಲೋಕಲ್ ರೈಲು ನಿಲ್ಲಿಸಿದ್ದರೆ, ಅರ್ಧ ಮಕ್ಕಳು ತಡವಾಗಿ ಬರುತ್ತಾರೆ. ಆ ವಾರ ಹೊಸದೇನೂ ತೆಗೆಯಬೇಡಿ. ಬಂದವರಿಗೆ ಆರು ಚೌಕದ ಖಾಲಿ ಹಾಳೆ ಕೊಟ್ಟು, ಇವತ್ತು ಸ್ಟೇಷನ್ನಿನಲ್ಲಿ ಕಂಡದ್ದನ್ನು ಬಿಡಿಸಲು ಹೇಳಿ. ಗಿಡ್ಡ, ಗಿಡ್ಡ, ಉದ್ದ. ಗಿಡ್ಡ, ಗಿಡ್ಡ, ಉದ್ದ. ಉಳಿದವರು ಬರುವಷ್ಟರಲ್ಲಿ ಚೌಕದ ಕೆಳಗೆ ಒಂದೊಂದು ಸಾಲು ಕನ್ನಡವೂ ಬಂದಿರುತ್ತದೆ.